ಟಾಕಿ ಖಾಲಿ ಇದ್ದ ಮಳೆಗಾಲ

ಹೋದ ವಾರ ವಾಳೂಜಿಗೆ, ಮಗನ ಮನೆಗೆ ಹೋಗಿದ್ದೆ. ಕೆಳಗಿನ ಮನೆಯವನು ಅಂಗಳದಲ್ಲಿ ತನ್ನ ಹಳೆಯ ಸ್ಕೂಟರಿನ ಪೆಟ್ರೋಲಿನ ಟಾಕಿ ಬಿಚ್ಚಿ ತೊಳೆಯುತ್ತಿದ್ದ. ವಾಸನೆ ಜಿನೆಯ ಮೆಟ್ಟಿಲು ಹತ್ತಿ ನಮ್ಮ ಅಡುಗೆಮನೆಯವರೆಗೂ ಬಂತು. ಹೊಸ ಪೆಟ್ರೋಲಿನ ವಾಸನೆ ಮೂಗಿಗೆ ಚುರುಕ್ಕೆಂದು ಹತ್ತಿ ಹಾರಿಹೋಗುತ್ತದೆ. ಇದು ಹಾಗಲ್ಲ. ಹುಳಿಯೊಡೆದ ವಾರ್ನಿಶಿನಂಥ ವಾಸನೆ, ಗಂಟಲಿಗೆ ಅಂಟಿಕೊಂಡು ಕೂರುತ್ತದೆ. ಹಳಸಿದ ಪೆಟ್ರೋಲು. ಮೊದಲ ಸಲ ನಾನು ಈ ಮಾತು ಹೇಳಿದಾಗ ಸೊಸೆ ಸವಿತಾ ನಕ್ಕಿದ್ದಳು. 'ಪೆಟ್ರೋಲ ಹಳಸ್ತದೇನ್ರಿ ಅತ್ತಿ, ಅದೇನು ಸಾರೇ?' ಹಳಸುತ್ತದೆ. ಬಳಸದೆ ಇಟ್ಟರೆ ಯಾವುದಾದರೂ ಹಳಸುತ್ತದೆ.

ಹಿಂದಿನದನ್ನು ನೆನೆಸಿ ಸೆರಗು ಕಣ್ಣಿಗೊತ್ತಿಕೊಳ್ಳುವ ಚಟ ನನಗಿಲ್ಲ. ಆದರೆ ಆ ಮಳೆಗಾಲವನ್ನು ಬರೆದಿಡಬೇಕು. ಏಕೆಂದರೆ ನಮ್ಮ ಕೆಂಪು ಗಾಡಿಯ ಕಥೆಯನ್ನು ಬಳಗದಲ್ಲಿ ಎಲ್ಲರೂ ತಪ್ಪಾಗಿ ಹೇಳುತ್ತಾರೆ. 'ಪಾಪ, ಗಂಡನ ನೆನಪಿಗೆ ಇಟ್ಟುಕೊಂಡಾಳ' ಎನ್ನುತ್ತಾರೆ. ಸುಳ್ಳು.

ನಾನು ಭಾಲ್ಕಿ ಕಡೆಯವಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿದರು. ಲಗ್ನವಾಗಿ ನಾಶಿಕದ ಹತ್ತಿರ ದೇವಳಾಲಿ ಕ್ಯಾಂಪಿಗೆ ಬಂದೆ. ನಮ್ಮ ಮನೆಯವರದು ಅಲ್ಲಿ ಮೋಟಾರು ಸಾಮಾನಿನ ಅಂಗಡಿ. ಬ್ರೇಕಿನ ಲೈನರು, ಕ್ಲಚ್ಚಿನ ಪ್ಲೇಟು, ಬೆಲ್ಟು, ಬಲ್ಬು, ಬ್ಯಾಟರಿ. ಅತ್ತ ಮಿಲಿಟರಿಯವರ ತೋಪಿನ ಮೈದಾನದಲ್ಲಿ ಗುಂಡು ಹಾರಿಸುವ ಅಭ್ಯಾಸ ಶುರುವಾದರೆ ಇತ್ತ ನಮ್ಮ ಅಂಗಡಿಯ ತಗಡಿನ ಡಬ್ಬಿಗಳು ಕಪಾಟಿನಲ್ಲಿ ಕುಣಿಯುತ್ತಿದ್ದವು. ನಾವು ತಲೆ ಎತ್ತಿ ಕೂಡ ನೋಡುತ್ತಿರಲಿಲ್ಲ. ಮನೆಯವರ ಸೊಂಟ ಹಿಡಿದುಕೊಂಡ ಮೇಲೆ ನಾನೇ ಟೆಂಪೋ ನಡೆಸಲು ಕಲಿತೆ. ವಾಳೂಜಿನ ಕಾರಖಾನೆಗಳವರೆಗೆ ಮಾಲು ಹಾಕಿ ಬರುತ್ತಿದ್ದೆ. ಕ್ಯಾಂಪಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, 'ಟೆಂಪೋವಾಲಿ ಕಾಕು' ಅಂದರೆ ಎಲ್ಲರಿಗೂ ಗೊತ್ತು.

ಕೆಂಪು ಗಾಡಿಯನ್ನು ಒಬ್ಬ ಮಿಲಿಟರಿ ಸಾಹೇಬ ವರ್ಗವಾಗಿ ಹೋಗುವಾಗ ನಮ್ಮವರಿಗೆ ಕೊಟ್ಟು ಹೋಗಿದ್ದ. ವಿಲಾಯತಿ ಗಾಡಿ. ಬಟ್ಟೆಯ ಚಾವಣಿ, ಉದ್ದ ಮೂತಿ, ನೆಲದಿಂದ ಗೇಣು ಎತ್ತರ, ಒಳಗೆ ಎರಡೇ ಸೀಟು. ರೇಸಿನ ಗಾಡಿ ಎನ್ನುತ್ತಿದ್ದರು ಜನ. ನಮ್ಮವರು ಐತವಾರ ಬಿಳಿ ಅಂಗಿ ತೊಟ್ಟು ಅದರಲ್ಲಿ ಹೊರಟರೆ ಪಕ್ಕದ ಸೀಟಿನಲ್ಲಿ ಯಾರೋ ಒಬ್ಬ ಗೆಳೆಯ ಇರುತ್ತಿದ್ದ. ನಾನು ಒಂದೆರಡು ಸಲ, 'ನನ್ನೂ ಒಂದ ಸುತ್ತ ಕರಕೊಂಡ ಹೋಗ್ರಿ' ಎಂದು ಕೇಳಿದ್ದುಂಟು. 'ಇವತ್ತ ಅದು ಸ್ಟಾರ್ಟ್ ಆಗಂಗಿಲ್ಲ' ಎನ್ನುತ್ತಿದ್ದರು. ಮಾರನೆಯ ಐತವಾರ ಗೆಳೆಯನಿಗೆ ಅದು ಸ್ಟಾರ್ಟ್ ಆಗುತ್ತಿತ್ತು. ಮೂರು ಟನ್ನಿನ ಟೆಂಪೋ ನಡೆಸುವವಳು ನಾನು, ಆ ಗಾಡಿಯ ಬಾಗಿಲು ಒಮ್ಮೆಯೂ ತೆಗೆದಿರಲಿಲ್ಲ. ಕೆಟ್ಟವರೇನಲ್ಲ ನಮ್ಮವರು. ಹಾಗಿದ್ದರು, ಅಷ್ಟೇ.

ಅವರು ತೀರಿಕೊಂಡಾಗ ಗಾಡಿ ಶೆಡ್ಡಿನಲ್ಲಿ ನಿಂತು ಬಹಳ ಕಾಲವಾಗಿತ್ತು. ಮೇಲೆ ತಾಡಪತ್ರಿ, ತಾಡಪತ್ರಿಯ ಮೇಲೆ ಬೆಕ್ಕು. ಕಾಗದಪತ್ರ ನನ್ನ ಹೆಸರಿಗೆ ಆಯಿತು. ಮರುವರ್ಷದ ಮಳೆಗಾಲದಲ್ಲಿ ಮಗ ಮಲ್ಲು ಒಂದು ಶನಿವಾರ ವಾಳೂಜಿನಿಂದ ಬಂದ. ಆಗಿನ್ನೂ ಅವನು ಅಲ್ಲಿ ಖೋಲಿ ಮಾಡಿಕೊಂಡಿದ್ದ, ಸವಿತಾ ನನ್ನೊಡನೆ ದೇವಳಾಲಿಯಲ್ಲಿದ್ದು ಅಂಗಡಿ ನೋಡುತ್ತಿದ್ದಳು. ಅವನ ಬೂಟಿನ ಮೇಲೆ ವಾಳೂಜಿನ ಒಣ ಧೂಳು, ನಮ್ಮಲ್ಲಿ ವಾರದಿಂದ ಬಿಡದ ಸೋನೆ. ಜೊತೆಗೆ ಒಬ್ಬ ದಪ್ಪ ಮನುಷ್ಯನನ್ನು ಕರೆತಂದಿದ್ದ. ತ್ರ್ಯಂಬಕೇಶ್ವರದಲ್ಲಿ ಲಾಡ್ಜು ಇಟ್ಟುಕೊಂಡ ಶೇಠ. ಶೇಠ ಕೊಡೆ ಹಿಡಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೂತಿ ಬಡಿದು ನೋಡಿ, ಹಿಂದಿಯಲ್ಲಿ ಹೇಳಿದ. 'ಇಂಜಿನ್ ನೀವೇ ತೆಗೆದು ಇಟ್ಟುಕೊಳ್ಳಿ ಮಾತಾಜಿ. ನಮಗೆ ಬರೀ ಡಬ್ಬಾ ಸಾಕು. ಅದರಲ್ಲಿ ಮಣ್ಣು ತುಂಬಿ ಝೆಂಡೂ ಹೂ ಹಚ್ಚುತ್ತೇವೆ. ಲಾಡ್ಜಿನ ಮುಂದೆ ಸೆಲ್ಫಿ ಪಾಯಿಂಟ್.'

ಮಲ್ಲು ನನ್ನ ಕಡೆ ನೋಡಿ, 'ಅಪ್ಪನ ನೆನಪು ನಾಕ ಮಂದಿ ಕಣ್ಣಾಗ ಇರ್ತದವ್ವಾ' ಎಂದ.

'ನಿಮ್ಮಪ್ಪನ ಫೋಟೋ ಗ್ವಾಡಿ ಮ್ಯಾಲ ಅದ. ಅದಕ್ಕೂ ಮಣ್ಣ ತುಂಬ್ತೀ ಏನು?'

'ಅವ್ವಾ, ಅದು ನಡ್ಯಂಗಿಲ್ಲ. ಸತ್ತ ಗಾಡಿ ಅದು.'

'ನಾಡಿ ಹಿಡದು ನೋಡೀದಿ?'

ಶೇಠನಿಗೆ ಕನ್ನಡ ತಿಳಿಯದು, ಆದರೆ ನನ್ನ ಮೋರೆ ತಿಳಿಯಿತು. ಕೊಡೆ ಮಡಚಿಕೊಂಡು ಅಂಗಡಿಯೊಳಗೆ ಹೋಗಿ ಕುಳಿತ. ಮಲ್ಲುವಿಗೆ ಸಿಟ್ಟು. ಶೇಠನಿಗೆ ಮಾತು ಕೊಟ್ಟಿದ್ದನಂತೆ. ನನ್ನ ಹೆಸರಿನ ಗಾಡಿಗೆ ಇವನ ಮಾತು. ಕಡೆಗೆ ಅವನೇ ಪಣ ಹಾಕಿದ. 'ದಸರಾ ತನಕ ಇದನ್ನ ಸ್ಟಾರ್ಟ್ ಮಾಡಿ, ಇದರ ಕಾಲ ಮ್ಯಾಲೇ ಗಲ್ಲಿ ದಾಟಿಸು. ಮತ್ತ ನಾ ಕೇಳಂಗಿಲ್ಲ. ಆಗಲಿಲ್ಲಂದ್ರ ದಸರಾ ದಿವಸ ಶೇಠನ ಕ್ರೇನ್ ಬರ್ತದ.'

'ಬರಲಿ' ಎಂದೆ.

ಗಾಡಿ ಏಕೆ ಬೇಕಿತ್ತು ನನಗೆ? ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ಎಲ್ಲರೂ ತಾವೇ ಉತ್ತರ ಇಟ್ಟುಕೊಂಡು ಬಂದರು. ನನಗೆ ಅದನ್ನು ನಡೆಸಬೇಕಿತ್ತು. ಅಷ್ಟೇ. ಮುದುಕಿಗೆ ಯಾಕೆ ಅಂದರೆ, ಮುದುಕಿಗೆ ಕಾಲಿದೆ, ಕೈಯಿದೆ, ಲೈಸನ್ಸಿದೆ.

ಶ್ರಾವಣವೆಲ್ಲ ನಾನೂ ಸವಿತಾಳೂ ಶೆಡ್ಡಿನಲ್ಲೇ ಕಳೆದೆವು. ಸವಿತಾ ಕಲಬುರಗಿಯವಳು, ನಾಲಗೆ ಹರಿತ. ಮೊದಮೊದಲು ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದವಳು ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಟ್ಟು ಬಿಚ್ಚುವ ಪಾನ ಹಿಡಿದಳು. ಹೊಸ ಬ್ಯಾಟರಿ ಅಂಗಡಿಯಿಂದಲೇ ತಂದು ಕೂರಿಸಿದೆವು. ಚಾವಿ ತಿರುವಿದರೆ ಇಂಜಿನು ಗರಗರ ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ. ಪ್ಲಗ್ಗು ಬಿಚ್ಚಿ ಕಾಡಿಗೆಯಂಥ ಮಸಿಯನ್ನು ಮರಳುಕಾಗದದಿಂದ ಉಜ್ಜಿ ತೆಗೆದೆವು. ಕಿಡಿ ಬರುತ್ತದೋ ಇಲ್ಲವೋ ನೋಡಲು ಸವಿತಾ ಪ್ಲಗ್ಗು ಹಿಡಿದು ನಿಂತಳು, ನಾನು ಚಾವಿ ತಿರುವಿದೆ. ಕಿಡಿ ನೀಲಿಯಾಗಿ ಬಂತು. ಸವಿತಾಳ ಕೈಗೂ ಬಂತು.

'ಅತ್ತಿ, ಸೊಸಿ ಬ್ಯಾಡಾಗಿದ್ರ ಬಾಯಿಬಿಟ್ಟ ಹೇಳ್ರಿ, ತವರಮನಿಗಿ ಹೋಗ್ತೀನಿ.'

'ರಬ್ಬರ ಇದ್ದಲ್ಲಿ ಹಿಡಿ ಅಂದಿದ್ದೆ.'

'ಕಿಡಿ ಛಲೋ ಅದರಿ. ನನಗ ಪಕ್ಕಾ ಗೊತ್ತಾಯ್ತು.'

ಟಾಕಿಯ ಬಾಯಿಗೆ ಪೈಪು ಇಳಿಬಿಟ್ಟು ಹಳಸಿದ ಪೆಟ್ರೋಲನ್ನು ಹೀರಿ ತೆಗೆದೆವು. ಹೊಸದು ಹಾಕಿದೆವು. ಕಾರ್ಬುರೇಟರ್ ಬಿಚ್ಚಿ, ಜೋಳದ ಹಿಟ್ಟು ನಾದುವ ಪರಾತದಲ್ಲಿ ಇಟ್ಟು ತೊಳೆದೆವು. ಹಳದಿ ಅಂಟು ಬಂತು. ಆ ಪರಾತದಲ್ಲಿ ಆಮೇಲೆ ಎಷ್ಟು ತಿಕ್ಕಿದರೂ ರೊಟ್ಟಿಗೆ ಬೇರೆಯೇ ರುಚಿ ಬರುತ್ತಿತ್ತು, ಕಡೆಗೆ ಅದನ್ನು ಶೆಡ್ಡಿಗೇ ಕೊಟ್ಟುಬಿಟ್ಟೆ. ಇಷ್ಟಾದರೂ ಗಾಡಿ ಹೊತ್ತಿಕೊಳ್ಳಲಿಲ್ಲ. ಒಂದು ದಿನ ತಲೆ ಕೆಟ್ಟು ಚಮಚದಲ್ಲಿ ಪೆಟ್ರೋಲು ತೆಗೆದು ಕಾರ್ಬುರೇಟರಿನ ಬಾಯಿಗೇ ಕುಡಿಸಿದೆ. ಸವಿತಾ ಚಾವಿ ತಿರುವಿದಳು. ಗಾಡಿ ಎದ್ದಿತು. ಶೆಡ್ಡಿನ ತಗಡು ನಡುಗುವಂತೆ ಗರ್ಜಿಸಿ, ಬಿಳಿ ಹೊಗೆ ಉಗುಳಿ, ನಾವು ಒಬ್ಬರನ್ನೊಬ್ಬರು ನೋಡುವಷ್ಟರಲ್ಲಿ ಆರಿತು. ಬೆಕ್ಕು ಓಡಿಹೋದದ್ದು ಮತ್ತೆ ಬರಲೇ ಇಲ್ಲ.

ಆಗ ಗೊತ್ತಾಯಿತು. ಇಂಜಿನಿಗೆ ರೋಗವಿಲ್ಲ, ಹಸಿವೆ. ಟಾಕಿಯಿಂದ ಇಲ್ಲಿಯವರೆಗೆ ಪೆಟ್ರೋಲು ಬರುತ್ತಿಲ್ಲ. ಪಂಪು ಮಾತ್ರ ಟಕಟಕ ಎಂದು ಬಡಿದುಕೊಳ್ಳುತ್ತಿತ್ತು. ಕ್ಯಾಂಪಿನ ಇಬ್ಬರು ಮಿಸ್ತ್ರಿಗಳು ಬಂದು ನೋಡಿದರು. ಒಬ್ಬ ಪಂಪು ಒಳ್ಳೆಯದಿದೆ ಎಂದ. ಇನ್ನೊಬ್ಬ ಇಡೀ ಗಾಡಿಯೇ ಹಾಳಾಗಿದೆ, ಹೂವು ಹಚ್ಚುವುದೇ ಒಳ್ಳೆಯದು ಎಂದ. ಮಲ್ಲು ಅವನಿಗೆ ಮೊದಲೇ ಚಹಾ ಕುಡಿಸಿದ್ದನೋ ಏನೋ. ಗಾಡಿ ನೆಲಕ್ಕೆ ಹತ್ತಿಕೊಂಡಂತಿದ್ದದ್ದರಿಂದ, ಶೆಡ್ಡಿನ ನೆಲವೆಲ್ಲ ಕೆಸರಾಗಿದ್ದದ್ದರಿಂದ, ಇಬ್ಬರೂ ಬಾನೆಟ್ಟಿನ ಕಡೆಯಿಂದಲೇ ನೋಡಿ ಹೋದರು.

ಉಳಿದವರು ನಾನಾ. ಮೊದಲಿನಿಂದ ಆ ಗಾಡಿಯನ್ನು ನೋಡಿಕೊಂಡಿದ್ದ ಮರಾಠಿ ಮಿಸ್ತ್ರಿ. ವಯಸ್ಸಾಗಿ ವಾಳೂಜಿನಲ್ಲಿ ಮಗಳ ಮನೆಯಲ್ಲಿದ್ದರು. ಕಿವಿ ಮುಕ್ಕಾಲು ಹೋಗಿತ್ತು. ಫೋನಿನಲ್ಲಿ ತಮ್ಮದು ಹೇಳಿ ಮುಗಿಸಿ ಇಟ್ಟುಬಿಡುವ ಮನುಷ್ಯ. ನನ್ನ ಕೈಯೆಲ್ಲ ಗ್ರೀಸಾಗಿದ್ದರಿಂದ ಸವಿತಾ ಫೋನು ಹಚ್ಚಿದಳು. ಮಗಳಿಗೆ ಎಲ್ಲ ವಿವರಿಸಿದಳು, ಮಗಳು ಅವರ ಕಿವಿಯಲ್ಲಿ ಕೂಗಿದಳು, ನಾನಾ ಏನೋ ಅಂದರು, ಫೋನು ಕಟ್ಟಾಯಿತು.

'ಏನಂದ್ರು?'

'ಟಾಕಿ ಖಾಲಿ ಅದ ಅಂತ್ರಿ.'

'ಮೊನ್ನೆರ ಡಬ್ಬಿಗಟ್ಟಲೆ ಹಾಕೇವಲ್ಲ.'

'ನಾ ಏನ ಮಾಡ್ಲಿ, ಹಂಗೇ ಅಂದ್ರು.'

ಗಾಡಿಯ ಪೆಟ್ರೋಲಿನ ಮುಳ್ಳು ಮುರಿದು ಎಷ್ಟೋ ಕಾಲವಾಗಿತ್ತು, ಒಳಗೆಷ್ಟಿದೆ ಎಂದು ನೋಡುವ ದಾರಿಯಿಲ್ಲ. ವಿಲಾಯತಿ ಟಾಕಿ, ಅಡಿ ತುಂಬದೆ ಪೈಪಿಗೆ ಹತ್ತುವುದಿಲ್ಲವೇನೋ ಎಂದುಕೊಂಡು ಮತ್ತೆ ತಂದು ಸುರಿದೆವು. ಹತ್ತಲಿಲ್ಲ. ಎಲ್ಲೋ ಸೋರುತ್ತಿರಬೇಕು ಎಂದು ನೆಲ ನೋಡಿದೆವು. ಆ ಸೋನೆಯಲ್ಲಿ ನೆಲವೆಲ್ಲ ಒಂದೇ ಹಸಿ, ಪೆಟ್ರೋಲು ಯಾವುದು, ನೀರು ಯಾವುದು? ಸವಿತಾ ಮತ್ತೆ ಫೋನು ಹಚ್ಚಿದಳು. ಈ ಸಲ ನಾನಾ ಬಯ್ದರು, ನನಗೂ ದೂರದಿಂದ ದನಿ ಕೇಳಿತು, ಮಾತು ಕೇಳಲಿಲ್ಲ.

'ಅದೇ ಅಂತ್ರಿ. ಟಾಕಿ ಖಾಲಿ. ಎಷ್ಟ ಸಲ ಹೇಳ್ಬೇಕು ಅಂದ್ರು. ಅತ್ತಿ, ಆ ಮುದಕಗ ಬುದ್ಧೀನೇ ಖಾಲಿ ಆಗ್ಯಾದ.'

ಟಾಕಿ ಬಾಯಿಯವರೆಗೆ ತುಂಬಿಸಿದೆವು. ತುಳುಕಿ ಸವಿತಾಳ ಚಪ್ಪಲಿಯ ಮೇಲೆ ಬಿತ್ತು. ಆಗಲೂ ಗಾಡಿ ಚಮಚದಷ್ಟೇ ಉಸಿರಾಡಿ ಸತ್ತಿತು. ಗಣಪತಿ ಬಂದು ಹೋದ, ಪಿತೃಪಕ್ಷ ಮುಗಿಯಿತು, ಘಟಸ್ಥಾಪನೆಯೂ ಆಯಿತು. ಪ್ರತಿ ಶನಿವಾರ ಮಲ್ಲು ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು, 'ಶೇಠ ಮಣ್ಣ ತರಿಸ್ಯಾನಂತ' ಎನ್ನುತ್ತಿದ್ದ. 'ತನ್ನ ಬಾಯಿಗಿ ಹಾಕ್ಕೋ ಅನ್ನು' ಎನ್ನುತ್ತಿದ್ದೆ. ಬಾಯಲ್ಲಿ ಹಾಗೆ ಅಂದರೂ, ಗಾಡಿ ಕೈತಪ್ಪುತ್ತದೆ ಎಂಬುದು ನನಗೆ ಹೊಳೆಯತೊಡಗಿತ್ತು. ಅದಕ್ಕೇ ಇನ್ನಷ್ಟು ಜೋರಾಗಿ ಅನ್ನುತ್ತಿದ್ದೆ.

ದಸರೆಯ ಹಿಂದಿನ ದಿನ ಖಂಡೆ ಪೂಜೆ. ಅಂಗಡಿಯ ಪಾನ, ಜಾಕು, ತಕ್ಕಡಿಗೆಲ್ಲ ಪೂಜೆ ಮಾಡಬೇಕು. ನಾವಿಬ್ಬರೂ ತೆಂಗಿನಕಾಯಿ, ಹೂವು ತರಲು ನಾಶಿಕ ರೋಡಿಗೆ ಹೋಗಿ ಶೇರ್ ರಿಕ್ಷಾದಲ್ಲಿ ಮರಳುತ್ತಿದ್ದೆವು. ಸವಿತಾ ಕಾಯಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಇಡೀ ಸೀಟು ಆಕ್ರಮಿಸಿದ್ದಳು. ಪಕ್ಕದ ಹೆಂಗಸು, 'ತಾಯಿ, ಪಿಶವಿ ಖಾಲಿ ಠೇವಾ' ಎಂದಳು.

ಸವಿತಾಳಿಗೆ ಸಿಟ್ಟು ಬಂತು. 'ಖಾಲಿ ನಾಹೀ ಹೋ. ನಾರಳ ಆಹೇತ' ಎಂದು ಚೀಲ ಬಡಿದು ತೋರಿಸಿದಳು. ಖಾಲಿ ಇಲ್ಲ, ತೆಂಗಿನಕಾಯಿ ಇವೆ.

ರಿಕ್ಷಾದವರೆಲ್ಲ ನಕ್ಕರು. ಆ ಹೆಂಗಸು ಹೇಳಿದ್ದು ಚೀಲ ಕೆಳಗೆ ಇಡು ಎಂದು. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಬರಿದಾದದ್ದಕ್ಕೆ ಅವರು ರಿಕಾಮಿ ಎನ್ನುತ್ತಾರೆ, ನಮ್ಮಲ್ಲಿ ರಿಕಾಮಿ ಅಂದರೆ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತವನು. ಸವಿತಾ ಬಂದು ಮೂರು ವರ್ಷ, ಇಂಥವು ಅವಳಿಗೆ ದಿನಾ ಆಗುತ್ತಿದ್ದವು. ನಾನು ನಗಲಿಲ್ಲ.

'ಸವಿತಾ, ನಾನಾ ಏನಂದಿದ್ರು? ನಿನ್ನ ಮಾತ ಬ್ಯಾಡ, ಅವರ ಮಾತಿನಾಗ ಹೇಳು.'

'ಟಾಕೀ... ಚ್ಯಾ ಖಾಲಿ ಬಘಾ, ಅಂದ್ರು.'

'ಚ್ಯಾ ಅಂದ್ರು?'

'ಹೂಂ. ನಡುವ ಚಾ ಕೇಳ್ಲತ್ತಾರ ಅನ್ಕೊಂಡೆ. ಮಗಳಿಗಿ.'

ಟಾಕೀಚ್ಯಾ ಖಾಲಿ ಬಘಾ. ಟಾಕಿಯ ಕೆಳಗೆ ನೋಡಿ. ಎರಡೆರಡು ಸಲ ಹೇಳಿದ್ದರು ಮನುಷ್ಯ. ನಾನು ಹುಟ್ಟು ಮರಾಠಿಯವರ ಹಾಗೆ ಮರಾಠಿ ಆಡಬಲ್ಲೆ, ಲಾರಿಯವರನ್ನು ಅದರಲ್ಲೇ ಬಯ್ಯಬಲ್ಲೆ. ಆದರೆ ಸವಿತಾ ಅದನ್ನು ಕನ್ನಡ ಮಾಡಿ ನನ್ನ ಕೈಗೆ ಕೊಟ್ಟಳು, ಮನೆಯೊಳಗೆ ನನ್ನ ಕಿವಿಯೂ ಕನ್ನಡದ್ದೇ. ಟಾಕಿ ಖಾಲಿ ಎಂಬ ಮಾತು ಅಷ್ಟು ಸರಿಯಾಗಿ ಕೂತಿತ್ತೆಂದರೆ, ತುಂಬಿ ತುಳುಕುವ ಟಾಕಿಯ ಮುಂದೆ ನಿಂತೂ ನಾವು ಅದನ್ನೇ ನಂಬಿದ್ದೆವು.

'ಅತ್ತಿ, ನಿಮ್ಮ ಮಗಗ ಹೇಳ್ಬ್ಯಾಡ್ರಿ' ಎಂದಳು ಸವಿತಾ.

'ಮದಲ ಗಾಡಿ ಕೆಳಗ ಹೋಗಾಮು ನಡಿ.'

ಮಾರನೆಯ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂದಿತ್ತು. ಪೂಜೆಯ ಗಡಿಬಿಡಿಯಲ್ಲಿ ಹಿಂದಿನ ದಿನ ಆಗಿರಲಿಲ್ಲ. ಜಾಕಿನಿಂದ ಹಿಂದಿನ ಗಾಲಿ ಎತ್ತಿ, ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು, ಸಿಮೆಂಟಿನ ಚೀಲ ಹಾಸಿ ನಾನೇ ಮಲಗಿ ಒಳಗೆ ಸರಿದೆ. ಸವಿತಾ ತಾನು ಹೋಗುತ್ತೇನೆ ಎಂದಳು. ಬೇಡವೆಂದೆ. ಟಾಕಿಯ ಕೆಳಗೆ ಕಲ್ಲು ಬಡಿಯದಿರಲೆಂದು ನಾನಾ ಒಂದು ತಗಡು ಹೊಡೆದಿದ್ದರು. ತಗಡಿನ ಹಿಂದೆ ಒಂದು ಹಿತ್ತಾಳೆಯ ಬಟ್ಟಲು, ಟಾಕಿಯ ತುಕ್ಕು ಇಂಜಿನಿಗೆ ಹೋಗದಂತೆ ತಡೆಯುವ ಜಾಳಿಗೆ. ತುಕ್ಕು ಹಿಡಿದ ಸ್ಕ್ರೂಗಳು ನನ್ನ ಮಾತು ಕೇಳಲಿಲ್ಲ. ಸುತ್ತಿಗೆಯ ಮಾತು ಕೇಳಿದವು. ಪೈಪಿನ ಬಾಯಿಗೆ ಬಟ್ಟೆ ತುರುಕಿ ಬಟ್ಟಲು ಬಿಚ್ಚಿದೆ. ಒಳಗೆ ಕಪ್ಪು ಬೆಲ್ಲದ ಹಾಗೆ ಗಟ್ಟಿಯಾದ ಅಂಟು, ತುಕ್ಕು, ಸತ್ತ ಒಂದು ಜಿರಲೆ. ಬೆರಳು ತೂರಿದರೆ ಬೆರಳೂ ಹೋಗದು, ಪೆಟ್ರೋಲು ಎಲ್ಲಿಂದ ಹೋಗಬೇಕು? ತೋಳಿನ ತುಂಬ ಪೆಟ್ರೋಲು ಇಳಿಯುತ್ತಿತ್ತು, ಉರಿಯುತ್ತಿತ್ತು. ಸವಿತಾ ಹಳೆಯ ಹಲ್ಲುಜ್ಜುವ ಬ್ರಷ್ಷು ಕೊಟ್ಟಳು, ಹಿತ್ತಾಳೆ ಹೊಳೆಯುವವರೆಗೆ ತಿಕ್ಕಿ ಮತ್ತೆ ಕೂರಿಸಿದೆ.

ಹೊರಗೆ ಬಂದಾಗ ಶೆಡ್ಡಿನ ಬಾಗಿಲಲ್ಲಿ ಮಲ್ಲು ನಿಂತಿದ್ದ. ಹೊಸ ಅಂಗಿ, ಹಣೆಗೆ ವಿಭೂತಿ. ಅವನ ಹಿಂದೆ ಗಲ್ಲಿಯಲ್ಲಿ ಕ್ರೇನು, ಅದರ ಮೂತಿಗೆ ದಸರೆಯ ಹಾರ. ನನ್ನ ಸೀರೆ, ಕೂದಲು ನೋಡಿ ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ನಾನು ದಿಮ್ಮಿ ಸರಿಸಿ, ಜಾಕು ಇಳಿಸಿ, ಬಾಗಿಲು ತೆಗೆದು ಸ್ಟೇರಿಂಗಿನ ಹಿಂದೆ ಕುಳಿತೆ. ಕೂರುವುದಲ್ಲ ಅದು, ಬಾವಿಗೆ ಇಳಿದಂತೆ ಇಳಿಯಬೇಕು. ಸವಿತಾ ಪಕ್ಕದಲ್ಲಿ ಇಳಿದಳು. ಚಾವಿ ತಿರುವಿದೆ. ಪಂಪಿನ ಟಕಟಕ ನಿಧಾನವಾಯಿತು, ನೀರು ಸಿಕ್ಕ ಎತ್ತಿನ ಹಾಗೆ. ಆಮೇಲೆ ಇಂಜಿನು ಹೊತ್ತಿಕೊಂಡಿತು. ಕೆಮ್ಮಿತು, ಹೊಗೆ ಕಾರಿತು, ಆದರೆ ಸಾಯಲಿಲ್ಲ. ಕ್ಲಚ್ಚು ಬಿಟ್ಟೆ. ಗಾಡಿ ಜಿಗಿದು ಗಲ್ಲಿಗೆ ಬಂತು. ಕ್ರೇನಿನವನು ತನ್ನ ಗಾಡಿಯನ್ನು ಗೋಡೆಗೆ ಒತ್ತಿ ದಾರಿ ಬಿಟ್ಟ. ಗಲ್ಲಿಯ ಹೆಂಗಸರು ಬನ್ನಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತರು.

ಗಲ್ಲಿಯ ಬಾಯಲ್ಲಿ ರಸ್ತೆಗೆ ಏರುವಲ್ಲಿ ಒಂದು ದಿಬ್ಬ. ಟೆಂಪೋದ ಅಂದಾಜಿನಲ್ಲಿ ಕ್ಲಚ್ಚು ಬಿಟ್ಟೆ. ಈ ಗಾಡಿಯದು ಬೇರೆ ಲೆಕ್ಕ. ದಿಬ್ಬದ ಅರ್ಧಕ್ಕೆ ಆರಿತು. ಚಾವಿ ತಿರುವಿದೆ, ಬ್ಯಾಟರಿ ಕುಂಯ್ ಎಂದಿತು. ದಿನಾ ತಿರುವಿ ತಿರುವಿ ಅದನ್ನೂ ದಣಿಸಿದ್ದೆವು.

ಮಲ್ಲು ಹಿಂದಿನಿಂದ ನಡೆದುಕೊಂಡು ಬಂದ. ರಸ್ತೆ ಹತ್ತು ಹೆಜ್ಜೆ ಮುಂದಿತ್ತು. ಅವನು ರಸ್ತೆ ನೋಡಿದ, ಗಾಡಿ ನೋಡಿದ.

'ಗಲ್ಲಿ ದಾಟಿಲ್ಲವ್ವಾ' ಎಂದ.

ನನ್ನ ಕೈ ಸ್ಟೇರಿಂಗಿನ ಮೇಲೇ ಇತ್ತು. ಇಳಿ ಅಂದಿದ್ದರೂ ಇಳಿಯುತ್ತಿರಲಿಲ್ಲ, ಗಾಡಿಯ ಸಮೇತ ಕ್ರೇನಿಗೆ ಎತ್ತಬೇಕಾಗುತ್ತಿತ್ತು. ಸವಿತಾ ಮಾತ್ರ ಕುತ್ತಿಗೆ ಹೊರಳಿಸಿ ಗಂಡನನ್ನು ನೋಡಿದಳು.

'ಕಾಣಸ್ತದರಿ. ನಿಂತ ಏನ ನೋಡ್ತೀರಿ? ದಬ್ಬರಿ.'

ಅವನು ಕ್ರೇನಿನವನ ಕಡೆ ನೋಡಿದ. ಕ್ರೇನಿನವನು ಬೀಡಿ ಹಚ್ಚಿಕೊಂಡು ಆಕಾಶ ನೋಡುತ್ತಿದ್ದ. ಮಲ್ಲು ಹೊಸ ಅಂಗಿಯ ತೋಳು ಮಡಚಿದ, ಒಂದು ತೋಳು, ಇನ್ನೊಂದು ತೋಳು. ಗಾಡಿಯ ಬೆನ್ನಿಗೆ ಎರಡೂ ಕೈ ಕೊಟ್ಟ.

'ಸೆಕೆಂಡ್ ಗೇರಿಗಿ ಹಾಕವ್ವಾ' ಎಂದ. 'ನಾ ಅಂದಾಗ ಕ್ಲಚ್ ಬಿಡು.'

ಗೇರು ಹಾಕಿದೆ. ಅವನು ದಬ್ಬಿದ. ಗಾಡಿ ಮೊದಲು ಅಲುಗಲಿಲ್ಲ, ಆಮೇಲೆ ಬೆರಳಷ್ಟು, ಆಮೇಲೆ ಮೊಳದಷ್ಟು. ದಿಬ್ಬದ ನೆತ್ತಿ ದಾಟಿ ಮೂತಿ ರಸ್ತೆಯ ಇಳಿಜಾರಿಗೆ ಬಾಗಿತು. 'ಬಿಡು' ಎಂದು ಕೂಗಿದ. ಬಿಟ್ಟೆ. ಇಂಜಿನು ಹಿಡಿಯಿತು, ಗಾಡಿ ಒಮ್ಮೆ ಒದರಿ ಅವನ ಕೈಯಿಂದ ಬಿಡಿಸಿಕೊಂಡು ಓಡಿತು.

'ಅವ್ವಾ, ನಿಲ್ಲಸು, ನಾನೂ ಬರ್ತೀನಿ' ಎನ್ನುತ್ತ ಸ್ವಲ್ಪ ದೂರ ಓಡಿ ಬಂದ. ಕನ್ನಡಿಯಲ್ಲಿ ಕಾಣಿಸಿದ. ಅಂಗಿಯ ಮುಂಭಾಗವೆಲ್ಲ ಕೆಂಪು ಬಣ್ಣದ ಹುಡಿ, ಒಂದು ಕೈ ಸೊಂಟದ ಮೇಲೆ, ಏದುಸಿರು. ನಗುತ್ತಿದ್ದನೋ ಏನೋ, ಅಷ್ಟು ದೂರದಿಂದ ಗೊತ್ತಾಗಲಿಲ್ಲ.

'ಪಾಪ, ನಿಲ್ಲಸ್ರಿ ಅತ್ತಿ' ಎಂದಳು ಸವಿತಾ.

'ಎಲ್ಲಿ ಕೂಡ್ತಾನ?' ಎಂದೆ, ಮೂರನೇ ಗೇರಿಗೆ ಹಾಕಿದೆ.